ಎಸೆಯದೆ ಉಳಿದ ಹಗ್ಗ

ನಾನು ಒಂದು ಹಗ್ಗ. ತೆಂಗಿನ ನಾರಿನದು. ಹೆಜಮಾಡಿಯ ಕಡಲ ಬದಿಯಲ್ಲಿ ಅಕ್ಕು ಎಂಬ ತಾಯಿ ನನ್ನನ್ನು ಹೊಸೆದಳು. ಉಪ್ಪು ನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯನ್ನು ಬಡಿದು, ನಾರು ಬಿಡಿಸಿ, ಅಂಗೈ ಕೆಂಪಾಗುವ ತನಕ ಹೊಸೆದಳು. ಕೊನೆಯ ಗಂಟು ಹಾಕಿ, "ನೀನು ಮುಳುಗುವ ಜಾತಿ ಅಲ್ಲ" ಎಂದು ಬೆನ್ನು ತಟ್ಟಿದಳು. ನಾರಿನ ಹಗ್ಗ ನೀರಿನ ಮೇಲೆ ತೇಲುತ್ತದೆ. ನನಗಿರುವ ಜಂಬವೆಂದರೆ ಅದೊಂದೇ.

ಕೆಲವು ವರ್ಷ ಅವಳ ತಮ್ಮನ ದೋಣಿಯಲ್ಲಿ ದುಡಿದೆ. ಆಮೇಲೆ ನೈಲಾನ್ ಬಂತು, ನಾನು ಮೂಲೆ ಸೇರಿದೆ. ಅಲ್ಲಿಂದ ನನ್ನನ್ನು ಎತ್ತಿಕೊಂಡವನು ಅಕ್ಕುವಿನ ಮಗ ವಾಮನ ಕರ್ಕೇರ. ಹಡಗಿನಲ್ಲಿ ಮೆಕ್ಯಾನಿಕ್ ಆಗಿದ್ದವನು, ಅಮೆರಿಕದ ಉತ್ತರದಲ್ಲಿ ದೊಡ್ಡ ಕೆರೆಯೊಂದರ ದಡದ ದೋಣಿ ರಿಪೇರಿ ಶೆಡ್ಡಿನಲ್ಲಿ ಕೆಲಸ ಹಿಡಿದಿದ್ದ. ಒಣಮೀನಿನ ಪೊಟ್ಟಣ ಸುತ್ತಿಕೊಂಡು ನಾನೂ ಹೋದೆ.

ಅಲ್ಲಿ ಚಳಿಗಾಲದಲ್ಲಿ ಇಡೀ ಕೆರೆ ಕಲ್ಲಿನಂತೆ ಹೆಪ್ಪುಗಟ್ಟುತ್ತದೆ. ಅದರ ಮೇಲೆ ಜನ ಹಾಯಿ ಕಟ್ಟಿ ಓಡುತ್ತಾರೆ! ಕಿರಿದಾದ ಮರದ ದೋಣಿ, ಅಡಿಯಲ್ಲಿ ಮೂರು ಉಕ್ಕಿನ ಅಲಗು, ಮೇಲೊಂದು ಹಾಯಿ. ಗಾಳಿ ಸಿಕ್ಕಿತೋ, ಕಾರೂ ಹಿಂದೆ ಬೀಳಬೇಕು. ಮೊದಲ ಸಲ ಅದನ್ನು ಕಂಡ ದಿನ ದಡದಲ್ಲಿ ವಾಮನನ ಪಕ್ಕ ಇನ್ನೊಬ್ಬರೂ ಬಾಯಿ ತೆರೆದು ನಿಂತಿದ್ದರು. ಗದಗಿನ ಗುರುಪಾದ ಹಂಚಿನಮನಿ, ಹಲ್ಲಿನ ಡಾಕ್ಟರು.

"ಯವ್ವಾ, ಇದನ್ನ ನಾವೂ ಮಾಡೂಣೇನಪಾ?" ಎಂದರು ಅವರು. ವಾಮನನ ಬಾಯಲ್ಲಿ ಕನ್ನಡ ಕಿವಿಗೆ ಬಿದ್ದದ್ದೇ ಅವರಿಗೆ ಸಾಕಾಗಿತ್ತು, ಅವನ ಹೆಸರನ್ನೂ ಕೇಳಿರಲಿಲ್ಲ.

"ಮಾಡುವ ಮಾರಾಯ್ರೆ," ಎಂದ ವಾಮನ.

ಇಬ್ಬರೂ ಸೇರಿ ಶೆಡ್ಡಿನಲ್ಲಿ ಎರಡು ಮಂಜುದೋಣಿ ಕಟ್ಟಿದರು. ಅಲಗು ಉಜ್ಜುವಾಗ ಡಾಕ್ಟರು ದನಿ ತಗ್ಗಿಸಿ, "ನನಗ ಈಜು ಬರೂದಿಲ್ಲೋ. ಯಾರ ಮುಂದೂ ಹೇಳಬ್ಯಾಡ" ಎಂದಿದ್ದರು. ವಾಮನ ನಕ್ಕಿರಲಿಲ್ಲ. ಅಂದು ಸಂಜೆಯೇ ನನ್ನನ್ನು ಗೋಣಿಚೀಲಕ್ಕೆ ತುಂಬಿ ತನ್ನ ದೋಣಿಯಲ್ಲಿಟ್ಟ.

ಪ್ರತಿ ಭಾನುವಾರ ಪಂದ್ಯ. ಕೆರೆಯ ನಡುವಿನ ಬಂಡೆ ಸುತ್ತಿ ಬರಬೇಕು, ಸೋತವರು ಚಹಾ ಕಾಸಬೇಕು. ಯಾವಾಗಲೂ ಚಹಾ ಕಾಸುವವನು ವಾಮನನೇ.

"ಎಮ್ಮಿ ಕಟ್ಟೋ ಹಗ್ಗಾ ಹೊತ್ಕೊಂಡು ಪಂದ್ಯಕ್ಕ ಬರ್ತೀಯಲ್ಲೋ ವಾಮನ್ಯಾ! ಸಮುದ್ರದ ಮಗಾ ಅಂತ ಬ್ಯಾರೆ ಹೇಳ್ಕೋತಿ."

"ಎಮ್ಮೆ ಎಲ್ಲಿಯಾದ್ರೂ ಸಿಕ್ಕಿದ್ರೆ ಬೇಕಲ್ವಾ ಡಾಕ್ಟ್ರೇ? ಸಕ್ಕರೆ ಎಷ್ಟು?"

ಚೀಲದೊಳಗೆ ನನಗೆ ನಾಚಿಕೆಯಾಗುತ್ತಿತ್ತು. ಒಂದು ದಿನವೂ ಕೆಲಸಕ್ಕೆ ಬಾರದೆ ಅವನ ದೋಣಿಗೆ ಭಾರವಾಗಿ ಕೂತಿದ್ದೆ. ನನ್ನಿಂದಲೇ ಸೋಲುತ್ತಾನೆ ಎಂದುಕೊಂಡೆ. ಆದರೂ ಮನೆಗೆ ಬಂದೊಡನೆ ಅವನು ಮೊದಲು ನನ್ನನ್ನು ಒಲೆಯ ಹತ್ತಿರ ಹರಡುತ್ತಿದ್ದ, ಆಮೇಲೆ ತನ್ನ ಕೈಗವಸು. ಒದ್ದೆ ಹಗ್ಗ ಚಳಿಗೆ ಕೋಲಿನಂತೆ ಸೆಟೆಯುತ್ತದೆ, ಅದು ಅವನಿಗೆ ಗೊತ್ತಿತ್ತು. ಚಳಿ ಶುರುವಾಗುವ ಮುಂಚೆ ಹಿತ್ತಲಿನಲ್ಲಿ ಒಂದು ಕೆಂಪು ಬಕೆಟ್ ಇಟ್ಟು ದೂರದಿಂದ ನನ್ನನ್ನು ಅದರತ್ತ ಎಸೆಯುತ್ತಿದ್ದ. ನಾನು ಸರಿಯಾಗಿ ಬಕೆಟ್ಟಿನ ಮೇಲೆ ಬಿದ್ದರೆ, "ಬಚಾವ್!" ಎನ್ನುತ್ತಿದ್ದ. ದೊಡ್ಡವರ ಆಟ ಎಂದುಕೊಂಡೆ.

ಕೂದಲು ನರೆಯುವ ತನಕ ಹೀಗೇ ನಡೆಯಿತು. ಒಂದು ಬೇಸಿಗೆಯಲ್ಲಿ, ತೋಟದ ಬೆಂಡೆಗಿಡಕ್ಕೆ ನೀರು ಹಾಕುತ್ತಿದ್ದವನು ಎದೆ ಹಿಡಿದುಕೊಂಡು ಕುಳಿತ. ಮತ್ತೆ ಏಳಲಿಲ್ಲ.

ಬೊಜ್ಜದ ದಿನ, ಉತ್ತರಕ್ರಿಯೆಗೆಂದು ಮನೆ ತುಂಬ ಜನ. ನಾನು ಒಲೆಯ ಪಕ್ಕ ಚೀಲದಲ್ಲಿದ್ದೆ. ಎರಡು ಮಾತು ಹೇಳಿ ಎಂದು ಡಾಕ್ಟರನ್ನು ಕೇಳಿಕೊಂಡರು. ಅವರಿಗೆ ಅಳು ಬರುತ್ತಿತ್ತು. ಅದನ್ನು ಮುಚ್ಚಲು ನಗೆಯನ್ನು ಎಳೆದುಕೊಂಡರು, ಪಾಪ.

"ವಾಮನ ಸಮುದ್ರದ ಮಗ. ಆದ್ರ ಮಂಜಿನ ಮ್ಯಾಲ ನನ್ನ ಒಮ್ಮೆನೂ ಸೋಲಸ್ಲಿಲ್ಲ. ಹ್ಯಾಂಗ ಸೋಲಸ್ತಾನ? ಎಮ್ಮಿ ಹಗ್ಗಾ ಹೊತ್ಕೊಂಡು ಬರ್ತಿದ್ದ!"

ಜನ ನಕ್ಕರು. ವಾಮನನ ಹೆಂಡತಿ ಜಲಜಕ್ಕನೂ ಸೆರಗಿನ ಮರೆಯಲ್ಲಿ ಸಣ್ಣಗೆ ನಕ್ಕಳು. ಎಲ್ಲರೂ ಹೋದ ಮೇಲೆ ಡಾಕ್ಟರಿಗೆ ಊಟ ಬಡಿಸಿದಳು. ಅವರು ಕೈತೊಳೆದು ಬಂದಾಗ ನನ್ನನ್ನೂ ಆ ಬಕೆಟ್ಟನ್ನೂ ಅವರ ಮುಂದಿಟ್ಟಳು.

"ಇದು ನಿಮ್ಮಲ್ಲೇ ಇರ್ಲಿ."

"ಹಗ್ಗ ತಿಳೀತು. ಈ ಬಕೆಟ್ ಯಾಕ, ಜಲಜಕ್ಕಾ?"

"ಇದು ನೀವೇ, ಡಾಕ್ಟ್ರೇ."

ಅವರಿಗೆ ಅರ್ಥವಾಗಲಿಲ್ಲ. ಜಲಜಕ್ಕ ಮೆಲ್ಲಗೆ ಹೇಳಿದಳು. "ಹಿತ್ತಿಲಲ್ಲಿ ಇದನ್ನಿಟ್ಟು ಹಗ್ಗ ಎಸೀತಿದ್ರು. ಬಕೆಟಿಗೆ ಡಾಕ್ಟ್ರು ಅಂತ ಹೆಸರು. ಮಂಜು ಎಲ್ಲಿಯಾದ್ರೂ ಒಡೆದು ನೀವು ಬಿದ್ರೆ? ಮುಂದೆ ಹೋಗುವವನಿಗೆ ಹಿಂದೆ ಬಿದ್ದವ ಕಾಣುದಿಲ್ಲ, ಹಿಂದೆ ಇದ್ರೆ ಮುಂದಿನವರು ಕಾಣ್ತಾರೆ ಅಂತಿದ್ರು. ಗುರಿ ತಾಗಿದ ದಿನ, 'ಇವತ್ತು ಡಾಕ್ಟ್ರು ಬಚಾವ್, ಅನ್ನ ಬಡಿಸು' ಅಂತ ಒಳಗೆ ಬರ್ತಿದ್ರು."

ಡಾಕ್ಟರು ಬಗ್ಗಿ ಬಕೆಟ್ಟಿನ ಅಂಚನ್ನು ಮುಟ್ಟಿದರು. ಆಮೇಲೆ ಕೇಳಿದರು. "ನನಗ ಯಾಕ ಹೇಳಲಿಲ್ಲ ಅಂವ?"

"ಹೇಳಿದ್ರೆ ನೀವು ಗೆಲ್ತಿದ್ರಾ?"

ಆ ಮಾತಿನಲ್ಲಿ ಕೊಂಕಿರಲಿಲ್ಲ. ಅದೇ ಅವರಿಗೆ ಹೆಚ್ಚು ಚುಚ್ಚಿತೆಂದು ಕಾಣುತ್ತದೆ. ನನ್ನನ್ನು ಎದೆಗವಚಿಕೊಂಡು, ಬಕೆಟ್ಟನ್ನು ಕೈಯಲ್ಲಿ ಹಿಡಿದು, ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊರಟರು. ಜಲಜಕ್ಕ ಹಿಂದೆಯೇ ಓಡಿಬಂದು ಚಪ್ಪಲಿಯನ್ನು ಕಾರಿನಲ್ಲಿಟ್ಟಳು. ಅವಳತ್ತ ತಲೆಯೆತ್ತಿ ನೋಡಲು ಅವರಿಂದಾಗಲಿಲ್ಲ.

ಈಗ ನಾನು ಡಾಕ್ಟರ ದೋಣಿಯಲ್ಲಿದ್ದೇನೆ. ಮುದುಕಿಯಾಗಿದ್ದೇನೆ, ಮುಟ್ಟಿದರೆ ನಾರು ಉದುರುತ್ತದೆ. ಡಾಕ್ಟರು ಹಿತ್ತಲಿನಲ್ಲಿ ನನ್ನನ್ನು ಎಸೆಯುವುದು ಕಲಿಯುತ್ತಿದ್ದಾರೆ. ಗುರಿ ಹೆಚ್ಚಾಗಿ ತಪ್ಪುತ್ತದೆ. ತಪ್ಪಿದಾಗ ಬಕೆಟ್ಟಿನ ಮುಂದೆ ನಿಂತು, "ಮತ್ತೊಮ್ಮಿ, ವಾಮನಾ" ಎನ್ನುತ್ತಾರೆ, ಕ್ಷಮೆ ಕೇಳುವವರ ಹಾಗೆ.

ಕಳೆದ ಭಾನುವಾರ ಕೆರೆಗೆ ಹೊಸಬರು ಬಂದಿದ್ದರು, ಹರೆಯದ ಹುಡುಗರು. ಡಾಕ್ಟರು ಹಾಯಿಯನ್ನು ಸಡಿಲ ಬಿಟ್ಟು ಎಲ್ಲರ ಹಿಂದೆ ಉಳಿದರು. ದಡ ಸೇರಿದಾಗ ಒಬ್ಬ ನನ್ನ ಚೀಲವನ್ನು ಕಾಲಿನಿಂದ ಮುಟ್ಟಿ ನಕ್ಕ. ಈ ಭಾರ ಹೊತ್ತರೆ ಗೆಲ್ಲುವುದುಂಟೇ ಅಜ್ಜ, ಎಂದು ತನ್ನ ಭಾಷೆಯಲ್ಲಿ ಕೇಳಿದ.

ಡಾಕ್ಟರ ಬಾಯಿ ತೆರೆಯಿತು. ಎಲ್ಲವನ್ನೂ ಹೇಳಿಬಿಡುತ್ತಾರೆ ಎಂದುಕೊಂಡೆ. ಅವರ ಮುಖ ಕೆಂಪಾಯಿತು. ಬಾಯಿ ಮುಚ್ಚಿಕೊಂಡು, ಬಗ್ಗಿ, ಸ್ಟೌ ಹೊತ್ತಿಸಿದರು.

"ಸಕ್ಕರೆ ಎಷ್ಟು?" ಎಂದು ಕೇಳಿದರು.

ಕೆಲಸಕ್ಕೆ ಬಾರದೆ ಉಳಿದೆನೆಂದು ಒಂದು ಕಾಲದಲ್ಲಿ ನಾಚುತ್ತಿದ್ದೆ. ಈಗ ನಾನು ಬೇಡಿಕೊಳ್ಳುವುದು ಅದನ್ನೇ. ನನ್ನ ನಾರೆಲ್ಲ ಉದುರಿ ಮುಗಿಯುವ ತನಕವೂ ಯಾರೂ ನನ್ನನ್ನು ನೀರಿಗೆ ಎಸೆಯುವಂತಾಗದಿರಲಿ.