ಅಮ್ಮನ ಸವತಿ

ಕಾರ್ಖಾನೆಯಲ್ಲಿ ಅಪ್ಪ ನೋಡಿಕೊಳ್ಳುತ್ತಿದ್ದ ಉಕ್ಕಿನ ತೊಟ್ಟಿಗೆ ಅಮ್ಮ ಇಟ್ಟ ಹೆಸರು ಸವತಿ. ಅಪ್ಪ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ, "ಹೇಗಿದ್ದಾಳೆ ನನ್ನ ಸವತಿ?" ಎಂದು ಕೇಳುತ್ತಿದ್ದಳು. "ಅವಳಿಗೇನು, ಬೆಚ್ಚಗಿದ್ದಾಳೆ," ಎನ್ನುತ್ತಿದ್ದರು ಅಪ್ಪ.

ಬೆಚ್ಚಗಿರುವುದೇ ಅವಳ ಜೀವ. ತೊಟ್ಟಿಯೊಳಗಿನ ಫ್ಲೋರೈಡ್ ಉಪ್ಪು ಯಾವಾಗಲೂ ಕರಗಿ ನೀರಾಗಿರಬೇಕು. ಅದಕ್ಕೆ ವಿದ್ಯುತ್ ಹರಿಸಿದರೆ ಕಾರ್ಬನ್ ಕಂಬಿಯ ಕಡೆ ಫ್ಲೋರಿನ್ ಏಳುತ್ತದೆ, ಮುಟ್ಟಿದ್ದನ್ನೆಲ್ಲ ತಿನ್ನುವ ಅನಿಲ. ಉಪ್ಪು ಆರಿ ಗಟ್ಟಿಯಾಯಿತೋ, ಕಂಬಿಗಳು ಬಿರುಕು ಬಿಟ್ಟು ತೊಟ್ಟಿಯ ಕಥೆ ಮುಗಿದಂತೆ. ಹಾಗಾಗದಂತೆ ನೋಡಿಕೊಳ್ಳುವುದರಲ್ಲೇ ಅಪ್ಪನ ತಲೆ ನರೆಯಿತು.

ಅಮ್ಮನ ಕಾಯಿಲೆ ಕೈಮೀರಿದ ಮಧ್ಯಾಹ್ನವೇ ತೊಟ್ಟಿಯ ಸುತ್ತ ಬಿಸಿನೀರು ಹರಿಸುವ ಪಂಪು ಕೈಕೊಟ್ಟಿತ್ತು. ನಾನು ಆಸ್ಪತ್ರೆಯಿಂದ ಫೋನು ಮಾಡಿದೆ. "ಇದೊಂದು ಸರಿಹೋಗಲಿ, ಬಂದೆ," ಎಂದರು ಅಪ್ಪ. ಅಮ್ಮ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದಳು. ಹಾಗೆಯೇ ಹೋದಳು. ಸಂಜೆ ಬಂದ ಅಪ್ಪ ಅವಳ ಕಾಲ ಬಳಿ ನಿಂತು, "ಉಪ್ಪು ಗಟ್ಟಿಯಾಗ್ತಿತ್ತು," ಎಂದರು. ಹೆಂಡತಿ ತಣ್ಣಗಾಗಿ ಮಲಗಿರುವಾಗ ಆಡುವ ಮಾತೇ ಅದು? ನನ್ನ ಮೈಯೆಲ್ಲ ಉರಿದುಹೋಯಿತು. ಆ ಮಾತನ್ನು ನಾನು ಮರೆಯಲಿಲ್ಲ.

ಹೊಟ್ಟೆಪಾಡು ನೋಡಿ, ಮುಂದೆ ನಾನೂ ಅದೇ ತೊಟ್ಟಿಯ ಚಾಕರಿಗೆ ಸೇರಿದೆ. ಎಷ್ಟು ಎಚ್ಚರವಾಗಿದ್ದರೂ ಆ ಕೋಣೆಯಲ್ಲಿ ಒಂದಿಷ್ಟು ಹೊಗೆ ಸೋರಿ ಗಾಜನ್ನು ತಿನ್ನುತ್ತದೆ. ಕಿಟಕಿಗಳಿಗೆಲ್ಲ ಹಾಲು ಬಳಿದಂತಿತ್ತು. ಕನ್ನಡಕಗಳೂ ಅಷ್ಟೇ, ಕೊಂಡ ಕೆಲವೇ ವಾರಗಳಲ್ಲಿ ಮಬ್ಬು. ಕನ್ನಡಕದ ಅಂಗಡಿಯವನು ಮಹಡಿ ಮನೆ ಕಟ್ಟಿಸಿದ್ದೇ ನಮ್ಮಿಬ್ಬರಿಂದ ಎಂದು ಅಪ್ಪ ನಗುತ್ತಿದ್ದರು. ನಾನು ನಗುತ್ತಿರಲಿಲ್ಲ.

ಈಗ ಎರಡು ತಿಂಗಳಿಂದ ಅಪ್ಪನೂ ಆಸ್ಪತ್ರೆಯಲ್ಲಿದ್ದಾರೆ, ಮನೆಗೆ ಮರಳುವ ಭರವಸೆಯಿಲ್ಲ. ಅವರು ಹಾಸಿಗೆ ಹಿಡಿದ ಮೇಲೆ ಕಾರ್ಖಾನೆಯವರು ಫ್ಲೋರಿನ್ ಅನ್ನು ಹೊರಗಿನಿಂದ ಸಿಲಿಂಡರಿನಲ್ಲಿ ತರಿಸುವುದೇ ವಾಸಿ ಎಂದುಕೊಂಡು ತೊಟ್ಟಿಯನ್ನು ಆರಲು ಬಿಟ್ಟರು. ಬಿಸಿನೀರು ನಿಲ್ಲಿಸಿದವಳು ನಾನೇ. ಸವತಿ ಸತ್ತಳು, ನನಗೆ ಖುಷಿಯಾಗಬೇಕಿತ್ತು. ತಣ್ಣಗಾದ ಉಕ್ಕಿನ ಮೇಲೆ ಕೈಯಿಟ್ಟು ಗಳಗಳನೆ ಅತ್ತೆ. ಮರುದಿನದಿಂದ ನನ್ನನ್ನು ಗೋದಾಮಿಗೆ ಹಾಕಿದರು.

ಅಪ್ಪನಿಗೆ ಹೇಳಲಿಲ್ಲ. ಅಮ್ಮನ ಬಳಿಗೂ ಬಾರದೆ ಅವರು ಉಳಿಸಿಕೊಂಡದ್ದು ಅದೊಂದನ್ನೇ. ಅದೂ ಹೋಯಿತೆಂದು ಯಾವ ಬಾಯಲ್ಲಿ ಹೇಳಲಿ?

ನಿನ್ನೆ ಹಾಸಿಗೆಯ ಪಕ್ಕ ಕೂತಾಗ ಅಪ್ಪ ಎಂದಿನಂತೆ ಕೇಳಿದರು. "ಹೇಗಿದ್ದಾಳೆ?"

"ಬೆಚ್ಚಗಿದ್ದಾಳಪ್ಪ."

ಅವರು ಕೈಚಾಚಿ ನನ್ನ ಕನ್ನಡಕ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. "ಹೊಸದಾ ಇದು?"

"ಹಳೇದೇ. ನೀವು ಇಲ್ಲಿಗೆ ಸೇರೋ ಮುಂಚೆ ಕೊಡಿಸಿದ್ದಲ್ವಾ?" ಬಾಯಿ ತಪ್ಪಿ ಬಂದುಬಿಟ್ಟಿತ್ತು.

ಗಾಜು ತಿಳಿಯಾಗಿತ್ತು. ಮಬ್ಬಿನ ಸುಳಿವೂ ಇರಲಿಲ್ಲ. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಯಾವಾಗ ಆರೋಕೆ ಬಿಟ್ರು?"

"ನೀವು ಇಲ್ಲಿಗೆ ಸೇರಿದ ವಾರದಲ್ಲೇ," ಎಂದೆ.

"ಹಂಗಾದ್ರೆ," ಎಂದರು, ಉಸಿರೆಳೆದುಕೊಂಡು, "ಅವತ್ತು ನಾನು ಬರಬಹುದಿತ್ತಲ್ಲ ಮಗಳೇ."

ಈ ಒಂದು ಮಾತಿಗಾಗಿ ವರ್ಷಗಟ್ಟಲೆ ಕಾದಿದ್ದೆ. ಅದು ಬಂದ ದಿನ ಏನು ಹೇಳಬೇಕೆಂಬುದನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ: ಅಮ್ಮ ಕೊನೆವರೆಗೂ ಬಾಗಿಲನ್ನೇ ನೋಡುತ್ತಿದ್ದಳು ಎಂದು. ಅಪ್ಪನಿಗೆ ಅದು ಇವತ್ತಿಗೂ ಗೊತ್ತಿಲ್ಲ. ಅವರ ಕೈಯಿಂದ ಕನ್ನಡಕ ಬಿಡಿಸಿಕೊಂಡು, ಆ ಕೈಯನ್ನು ಹಿಡಿದುಕೊಂಡೆ.

"ಎಲ್ಲಿ ಬರೋಕಾಗ್ತಿತ್ತಪ್ಪ," ಎಂದೆ. "ಉಪ್ಪು ಗಟ್ಟಿಯಾಗ್ತಿತ್ತಲ್ಲ."