ಹೊಳೆ ದಾಟಿದ ಉಪ್ಪು

ನನ್ನ ಮದುವೆಯ ಊಟದಲ್ಲಿ ಚಿಕ್ಕವ್ವ ಗುರುಲಿಂಗಮ್ಮ ಬೀಗರ ಎದುರಿಗೇ, "ಸಾರ್ಗ ಉಪ್ಪೇ ಇಲ್ವಲ್ಲಕ್ಕಾ" ಅಂದುಬಿಟ್ಟಳು. "ನಿಮ್ಮನೆಯಿಂದ ತರ್ಬೇಕಾಗಿತ್ತು" ಅಂದಳು ನಮ್ಮವ್ವ ಶಿವಮಲ್ಲಮ್ಮ. ಅಷ್ಟೇ, ಅಕ್ಕತಂಗಿ ಅಂದಿನಿಂದ ಮಾತು ಬಿಟ್ಟರು. ಕಡ್ಡಿಯನ್ನು ಗುಡ್ಡ ಮಾಡುವುದಕ್ಕೆ ನಮ್ಮ ಮನೆಯ ಹೆಂಗಸರೇ ಸರಿ.

2004ರ ಶ್ರಾವಣದಲ್ಲಿ ತಾಳವಾಡಿಯ ಅಂಗಡಿಯ ಫೋನಿಗೆ ಸುದ್ದಿ ಬಂತು. ಮೋಯಾರು ಹೊಳೆಯಾಚೆ ಚಿಕ್ಕವ್ವ ಹೊಸ ಮನೆ ಕಟ್ಟಿಸಿದ್ದಾಳೆ, ಒಕ್ಕಲು ಹೋಗುತ್ತಾಳೆ ಅಂತ. ಹೊಸ ಮನೆಯ ಹೊಸ್ತಿಲು ಮೊದಲು ದಾಟಬೇಕಾದ್ದು ತವರಿನ ಉಪ್ಪು. ಅಜ್ಜ ಅಜ್ಜಿ ತೀರಿಕೊಂಡ ಮೇಲೆ ಚಿಕ್ಕವ್ವನಿಗೆ ತವರು ಅಂದರೆ ನಮ್ಮವ್ವನೇ. ಉಪ್ಪು ಹೋಗದಿದ್ದರೆ ತವರೇ ಇಲ್ಲ ಅಂದಂತೆ. ನೀರೊಡೆದ ಉಪ್ಪು ಹೋದರೆ ಅದಕ್ಕಿಂತ ಕೆಟ್ಟದ್ದು. ಅವ್ವ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವಳಿಗೆ ತಂಗಿ ಬೇಕಾಗಿತ್ತು. ನನಗದು ಗೊತ್ತಿತ್ತು.

ಅವ್ವ ಕಲ್ಲುಪ್ಪನ್ನು ಬಾಣಲೆಯಲ್ಲಿ ಹುರಿದಳು. ಕುಡಿಕೆಯ ತಳಕ್ಕೆ ಹುರಿದ ಅಕ್ಕಿ ಹರವಿ, ಉಪ್ಪು ತುಂಬಿ, ಬಾಯಿಗೆ ಬಟ್ಟೆ ಬಿಗಿದು, ಮೇಲೊಂದು ಪ್ಲಾಸ್ಟಿಕ್ ಸುತ್ತಿದಳು. ಹಪ್ಪಳ, ರಾಗಿ ಹಿಟ್ಟು, ಹುರುಳಿ ಎಲ್ಲ ತೊಳೆದೊಣಗಿಸಿದ ಗೊಬ್ಬರದ ಚೀಲಕ್ಕೆ ಹೋದವು. "ಸೌಮ್ಯಾ, ಇದ್ನ ನೀ ಎತ್ಕ" ಅಂದಳು, ಆ ಚೀಲ ನನ್ನ ತಲೆಗೆ ಬಂತು. ಅವ್ವನ ಊರು ಗೆಟ್ಟವಾಡಿ ಬಿಟ್ಟು ದಿಂಬಂ ಘಾಟಿ ತಲುಪುವಷ್ಟರಲ್ಲಿ ಮಂಜು ಬಸ್ಸಿನೊಳಗೇ ಬಂದು ಕೂತಿತ್ತು. ಅವ್ವ ಕುಡಿಕೆಯನ್ನು ಸೆರಗಿನೊಳಗೆ ಅವುಚಿಕೊಂಡು ಕೂತಲ್ಲೇ ಕೂತಳು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಅಂತಾರೆ. ನಮ್ಮವ್ವ ಉಪ್ಪು ಹೊತ್ತು ಟೀ ಕೂಡ ಕುಡಿಯಲಿಲ್ಲ.

ಘಾಟಿ ಇಳಿದು, ಬಸ್ಸು ಬದಲಿಸಿ ಹೊಳೆದಡಕ್ಕೆ ಬಂದೆವು. ನೀರು ಕೆಂಪಗೆ ಹರಿಯುತ್ತಿತ್ತು. ಹರಿಗೋಲಿನ ತಳದಲ್ಲೂ ಎರಡು ಬೆರಳು ನೀರು. ಹುಟ್ಟು ಹಾಕುವವನು ಅಡ್ಡಗೋಲುಗಳ ಮೇಲೆ ನನ್ನ ಚೀಲ ಇಟ್ಟು, ಕುಡಿಕೆಗೆ ಕೈ ಚಾಚಿದ.

"ಉಪ್ಪ ಕಣಪ್ಪ! ಕೈಯಿಂದ ಕೈಗ ಕೊಟ್ರ ಜಗಳ ಆಯ್ತದ," ಅಂದಳು ಅವ್ವ.

"ಅಂಗಾರ ಕೆಳಕ್ಕ ಮಡುಗಿ, ನಾ ಎತ್ಕತ್ತೀನಿ."

"ಕೆಳಗ ನೀರದಲ್ಲಾ!"

ಕೊಡುವ ಹಾಗಿಲ್ಲ, ಇಡುವ ಹಾಗೂ ಇಲ್ಲ. ಕುಡಿಕೆ ಮಡಿಲಲ್ಲೇ ಉಳಿಯಿತು. ನಡುಹೊಳೆಯಲ್ಲಿ ಹರಿಗೋಲು ಗಿರ್ರನೆ ತಿರುಗಿ ನೀರು ಎರಚಿದಾಗ ಅವ್ವ ಅದರ ಮೇಲೆ ಬಗ್ಗಿ ತಾನು ನೆಂದಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಆಚೆ ದಡದಲ್ಲಿ ಚಿಕ್ಕವ್ವ ಕೊಡೆ ಹಿಡಿದು ನಿಂತಿದ್ದಳು. ತುಂತುರು ಶುರುವಾಯಿತು. ತೂಗಾಡುವ ಹರಿಗೋಲಿನಿಂದ ಇಳಿಯಲು ಎರಡು ಕೈಯೂ ಬೇಕು. ಚಿಕ್ಕವ್ವ ಕೊಡೆ ಎಸೆದು, ಮೊಣಕಾಲುದ್ದ ನೀರಿಗಿಳಿದು ಕೈ ಚಾಚಿದಳು.

ಅವ್ವ ಕುಡಿಕೆಯನ್ನು ಇನ್ನೂ ಬಿಗಿಯಾಗಿ ಹಿಡಿದಳು. "ಕೈಗ ಕೊಟ್ರ ಜಗಳ ಆಯ್ತದ ಕಣ." ಇಷ್ಟು ವರ್ಷಗಳ ಮೇಲೆ ತಂಗಿಗೆ ಆಡಿದ ಮೊದಲ ಮಾತು ಅದು.

"ಆಡೋ ಜಗಳ ಎಲ್ಲಾ ಆಡಾಯ್ತಲ್ಲ. ಕೊಡಕ್ಕ."

ಅವ್ವ ಕೊಟ್ಟಳು.

ಮಾರನೆಯ ಬೆಳಿಗ್ಗೆ ಕುಡಿಕೆಯ ಬಾಯಿಯ ಬಟ್ಟೆ ಬಿಚ್ಚಿದರೆ ಉಪ್ಪು ಗರಗರ ಅನ್ನುತ್ತಿತ್ತು. ಚಿಕ್ಕವ್ವ ಅದನ್ನು ಹಿಡಿದು ಹೊಸ್ತಿಲು ದಾಟಿದಳು, ಹಾಲೂ ಉಕ್ಕಿತು. ಊಟದ ಸಾಲಿನಲ್ಲಿ ನಮ್ಮ ಎದುರಿಗೇ ಚಿಕ್ಕವ್ವನ ಬೀಗರು. ಸಾರು ಬಾಯಿಗಿಟ್ಟವಳು ತುತ್ತು ಅಲ್ಲೇ ನಿಲ್ಲಿಸಿದೆ. ಗಡಿಬಿಡಿಯಲ್ಲಿ ಚಿಕ್ಕವ್ವ ಉಪ್ಪೇ ಹಾಕಿರಲಿಲ್ಲ. ಅವ್ವನನ್ನು ನೋಡಿದೆ. ಅವಳು ತಲೆಯೆತ್ತದೆ ಉಂಡಳು. ಇನ್ನೊಂದು ಸೌಟು ಹಾಕಿಸಿಕೊಂಡಳು.

ಬೀಗರು ಎದ್ದುಹೋದ ಮೇಲೆ ಚಿಕ್ಕವ್ವ ಉಣ್ಣಲು ಕೂತಳು. ಮೊದಲ ತುತ್ತಿಗೇ ಅವಳ ಮುಖ ಪೆಚ್ಚಾಯಿತು. "ಅಯ್ಯೋ, ಸಪ್ಪ ಅದಲ್ಲಕ್ಕಾ! ಒಂದ್ ಮಾತು ಏಳ್ಬಾರ್ದಾಗಿತ್ತಾ?"

ಅವ್ವ ಕುಡಿಕೆಗೆ ಕೈ ಹಾಕಿ ನಾಲ್ಕು ಹರಳು ತೆಗೆದು, ತಂಗಿಯ ಅಂಗೈಗೇ ಇಟ್ಟಳು.

"ಸೌಮ್ಯನ್ ಮದ್ವೇಲೂ ಇಂಗೇ ಸಪ್ಪ ಇತ್ತು ಕಣ," ಅಂದಳು.