ಸ್ಟಿಕ್ಕರಿನ ಕೆಳಗಿನ ಮಚ್ಚೆ

ಗೋಡೆಯಾಚೆ ಟಕ್ ಎಂದಿತು. ಮಧ್ಯರಾತ್ರಿ ದಾಟಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಗುಂಯ್ ಸದ್ದು. ಟೈಮರ್ ನಿಂತರೂ ತಂಗಿ ಕೊಲೆಟ್ ಎದ್ದಿಲ್ಲ, ಇನ್ನೊಂದು ಸಲ ತಿರುಗಿಸಿದ್ದಾಳೆ ಎಂದು ಹಾಸಿಗೆಯಲ್ಲೇ ನನಗೆ ತಿಳಿಯಿತು. ಲಿವರ್‌ಪೂಲಿನ ನಮ್ಮ ಬೀದಿಯಲ್ಲಿ ಎರಡು ಮನೆಗೆ ಒಂದೇ ಗೋಡೆ. ಪಕ್ಕದ ಮನೆಯ ಅವಳ ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ತಂದ ಸನ್‌ಬೆಡ್ ಇತ್ತು. ಮೇಲೂ ಕೆಳಗೂ ನೀಲಿ ದೀಪದ ಕೊಳವೆಗಳು. ನಡುವೆ ಮಲಗಿದರೆ ಮೈ ಕಂದಾಗುತ್ತದೆ.

ನಮ್ಮಲ್ಲಿ "ಚೆನ್ನಾಗಿ ಕಾಣ್ತಿದ್ದೀಯ" ಎಂದರೆ ಮೈ ಕಂದಾಗಿದೆ ಎಂದೇ ಅರ್ಥ. ಬೆಳ್ಳಗಿದ್ದರೆ ಹುಷಾರಿಲ್ಲವಾ ಎಂದು ಕೇಳುತ್ತಾರೆ. ಅಮ್ಮ ತೀರಿಕೊಂಡ ಚಳಿಗಾಲದಲ್ಲಿ ಕೊಲೆಟ್‌ಳನ್ನು ಬೇಕರಿಯಲ್ಲಿ, ಬಸ್ಸಿನಲ್ಲಿ ಎಲ್ಲರೂ ಹಾಗೆ ಕೇಳಿದರು. ಕೇಳಿದಾಗಲೆಲ್ಲ ಅವಳಿಗೆ ಅಳು ಬರುತ್ತಿತ್ತು. ಕಂದಾದ ಮೇಲೆ ಯಾರೂ ಕೇಳಲಿಲ್ಲ. ಈಗ ಅವಳ ಬಣ್ಣ ಹಳೆಯ ಚರ್ಮದ ಸೋಫಾದ ಹಾಗಾಗಿದೆ. ಆದರೂ ಕನ್ನಡಿಯಲ್ಲಿ ತಾನು ಬಿಳಿಚಿಕೊಂಡೇ ಇದ್ದೇನೆ ಎನ್ನುತ್ತಾಳೆ.

ಮರುದಿನ ಕುರಿಮಾಂಸದ ಸ್ಟ್ಯೂ ಕೊಡಲು ಹೋದೆ. ಅವಳು ಟವೆಲ್ ಸುತ್ತಿಕೊಂಡು ಸೊಂಟದ ಮೇಲಿನ ಸ್ಟಿಕ್ಕರ್ ಕೀಳುತ್ತಿದ್ದಳು. ಹೃದಯದ ಆಕಾರದ ಇಂಥ ಸ್ಟಿಕ್ಕರ್ ಅಂಟಿಸಿಕೊಂಡು ಮಲಗುವುದು ಇಲ್ಲಿನ ರೂಢಿ. ಕಿತ್ತಾಗ ಉಳಿಯುವ ಬಿಳಿ ಗುರುತನ್ನು ನೋಡಿ ಬಣ್ಣ ಎಷ್ಟು ಏರಿದೆ ಎಂದು ಅಳೆಯುತ್ತಾರೆ. ಕೊಲೆಟ್‌ಳ ಬಿಳಿ ಹೃದಯದ ನಡುವೆ ಒಂದು ಮಚ್ಚೆಯಿತ್ತು. ಕಪ್ಪಗೆ, ಅಂಚು ಹರಿದುಕೊಂಡು, ಒದ್ದೆ ಕಾಗದದ ಮೇಲೆ ಶಾಯಿ ಬಿದ್ದ ಹಾಗೆ.

"ಇದು ದೊಡ್ಡದಾಗಿದೆಯಲ್ಲೇ."

"ಗಾಬರಿ ಬೀಳಬೇಡ ಅಕ್ಕಾ. ಅದರ ಮೇಲೇ ಸ್ಟಿಕ್ಕರ್ ಹಾಕ್ತೀನಲ್ಲ, ಬೆಳಕು ತಾಗಲ್ಲ."

ಅಷ್ಟು ಜಾಗ ಮುಚ್ಚಿದರೆ ಸಾಕೆಂದು ಅವಳು ನಿಜವಾಗಿಯೂ ನಂಬಿದ್ದಳು. ಇವತ್ತೇ ಡಾಕ್ಟರಿಗೆ ತೋರಿಸು ಎಂದೆ. ತೋರಿಸಿದರೆ ಸನ್‌ಬೆಡ್ ಬಿಡಿಸುತ್ತಾರೆ, ಅದೊಂದು ಮಾತ್ರ ಆಗಲ್ಲ ಎಂದಳು. ಕ್ಯಾನ್ಸರ್ ಎಂಬ ಪದವನ್ನೂ ಬಾಯಿಬಿಟ್ಟು ಹೇಳಿದೆ. ಅದಕ್ಕೆ ನಕ್ಕಳು.

"ನೀನು ಬಿಸಿಲಿಗೂ ಛತ್ರಿ ಹಿಡಿಯೋಳು. ಒಂದೇ ಒಂದು ಸಲ ಮಲಗು. ಎದ್ದ ಮೇಲೂ ಇದನ್ನ ಬಿಡು ಅಂತ ನಿನಗೆ ಅನ್ನಿಸಿದರೆ ಡಾಕ್ಟರ ಹತ್ರ ಹೋಗ್ತೀನಿ."

ಇಷ್ಟಕ್ಕೇ ಅವಳು ಒಪ್ಪುವುದಾದರೆ ಆಗಲಿ ಎಂದು ಮಲಗಿದೆ. ಕಪ್ಪು ಕನ್ನಡಕ ಹಾಕಿ, ಮುಚ್ಚಳ ಇಳಿಸಿ, ಅವಳು ಬಾಗಿಲ ಹೊರಗೆ ಕೂತಳು. ಗುಂಯ್ ಎಂದಿತು. ಮೊದಲು ಬೆನ್ನು ಬೆಚ್ಚಗಾಯಿತು, ಆಮೇಲೆ ಎಲ್ಲವೂ. ಗ್ಯಾಸ್ ಆರಿಸಿದೆನಾ, ಬಾಗಿಲು ಹಾಕಿದೆನಾ, ನಿನ್ನೆ ಆಡಿದ ಮಾತಿನಿಂದ ಯಾರಿಗಾದರೂ ನೋವಾಯಿತಾ ಎಂದು ಹಗಲೆಲ್ಲ ತಲೆಯಲ್ಲಿ ಓಡುವ ಯೋಚನೆಗಳು ಒಂದೊಂದಾಗಿ ಕೂತುಬಿಟ್ಟವು. ಯಾರೋ ನನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ ಹಾಗಿತ್ತು. ಅಮ್ಮ ಹೋದ ಮೇಲೆ ಹಾಗೆ ಯಾರೂ ಹಿಡಿದಿರಲಿಲ್ಲ.

ಟಕ್ ಎಂದಿತು. ಚಳಿ ಒಮ್ಮೆಲೇ ಒಳಗೆ ಬಂತು.

"ಕೊಲೆಟ್, ಇನ್ನೊಂದು ಸಲ ಹಾಕೇ," ಎಂದೆ.

ಅವಳು ಒಳಗೆ ಬಂದು ಗೋಡೆಯ ಪ್ಲಗ್ ಕಿತ್ತಳು. ಮುಚ್ಚಳ ಎತ್ತಿದಾಗ ಅವಳ ಮುಖ ನೋಡಿದೆ, ಹೆದರಿದ್ದಳು.

"ನಿನ್ನ ಬಾಯಲ್ಲಿ ನನ್ನ ದನಿ ಬಂತಕ್ಕಾ," ಎಂದಳು. ಆಗಲೇ ಕ್ಲಿನಿಕ್ಕಿಗೆ ಫೋನ್ ಮಾಡಿದಳು.

ಮುಂದಿನ ವಾರ ಮಚ್ಚೆ ಕತ್ತರಿಸಿ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಇನ್ನೂ ಬಂದಿಲ್ಲ. ಅವತ್ತು ಬ್ಯಾಂಡೇಜ್ ಕಟ್ಟುತ್ತ ನರ್ಸ್, ಬಂದದ್ದು ಒಳ್ಳೆಯದಾಯಿತು, ಸಾಮಾನ್ಯವಾಗಿ ಯಾರೂ ಇಷ್ಟು ಬೇಗ ಬರಲ್ಲ, ಯಾರು ಹೇಳಿ ಕಳಿಸಿದರು ಎಂದು ಕೇಳಿದಳು. ನನ್ನ ಕಡೆಯೂ ನೋಡಿ, ನೀವು ಚೆನ್ನಾಗಿ ಕಾಣ್ತಿದ್ದೀರಿ, ಬಿಸಿಲು ಕಾಯಲು ಸ್ಪೇನ್‌ಗೆ ಹೋಗಿದ್ದಿರಾ ಎಂದಳು. ಆ ಒಂದೇ ಸಲಕ್ಕೆ ನನಗೂ ಬಣ್ಣ ಏರಿತ್ತು. ನನ್ನ ಕಿವಿ ಬಿಸಿಯಾಯಿತು.

"ಯಾರೂ ಇಲ್ಲ. ನನಗೇ ಅನ್ನಿಸಿತು, ಬಂದೆ," ಎಂದಳು ಕೊಲೆಟ್.

ಬಸ್ಸಿನಲ್ಲಿ ಅವಳು ನನ್ನ ಕೋಟಿನ ತೋಳನ್ನು ಮಣಿಕಟ್ಟಿನವರೆಗೂ ಎಳೆದು ಸರಿಮಾಡಿದಳು.

"ಅವತ್ತು ನೀನು ಇನ್ನೊಂದು ಸಲ ಹಾಕು ಅಂದದ್ದು ಯಾರಿಗೂ ಹೇಳಲ್ಲ ಬಿಡು," ಎಂದು ಕಿಟಕಿಯ ಕಡೆ ತಿರುಗಿದಳು.